ಯಂತ್ರದ ಮೇಲಿನ ಅಕ್ಕರೆ, ನೆರೆಯವರ ಮೇಲಿನ ಪ್ರೀತಿ

ಮೈಸೂರಿನವರಿಗೆ ಒಂದು ಸದ್ದು ಚಿರಪರಿಚಿತ. ಜೋಡಿ ಸೈಲೆನ್ಸರುಗಳಿಂದ ನೀಲಿ ಹೊಗೆಯ ಎಳೆಯೊಡನೆ ಹೊರಬರುವ ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಸದ್ದು ಅದು. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುವ ನಮ್ಮ ಹಿರಿಯರು ಆ ಸದ್ದು ಕಿವಿಗೆ ಬಿದ್ದೊಡನೆ ನಿಂತು ತಿರುಗಿ ನೋಡುತ್ತಾರೆ. ಹಲವರ ಮುಖದಲ್ಲಿ ಮುಗುಳುನಗೆ ಮೂಡುತ್ತದೆ. ಆದರೆ ಇದೇ ನಗರದಲ್ಲಿ ಇನ್ನೊಂದು ಬಗೆಯ ಸದ್ದೂ ಈಗ ಸಾಮಾನ್ಯವಾಗಿದೆ. ಸೈಲೆನ್ಸರ್ ಕೆಡಿಸಿದ ಹೊಸ ಬೈಕುಗಳು ರಾತ್ರಿ ಹನ್ನೊಂದರ ಮೇಲೆ ವರ್ತುಲ ರಸ್ತೆಯಲ್ಲಿ ಗುಂಡು ಹಾರಿಸಿದಂತೆ ಸಿಡಿಯುತ್ತ ಹೋಗುವ ಸದ್ದು ಅದು. ಅದನ್ನು ಕೇಳಿದವರು ಮುಗುಳ್ನಗುವುದಿಲ್ಲ. ಮಲಗಿದ್ದ ಕೂಸು ಬೆಚ್ಚಿ ಎದ್ದಿತೆಂದು ಶಪಿಸುತ್ತಾರೆ.

ಈ ಎರಡು ಸದ್ದುಗಳ ಹಿಂದೆ ಇರುವುದು ಒಂದೇ ಹವ್ಯಾಸ. ವಾಹನವನ್ನು ಕೊಂಡು, ಬಿಚ್ಚಿ, ತಿದ್ದಿ, ಬದಲಾಯಿಸಿ, ಕೆಲಕಾಲ ಓಡಿಸಿ, ಮತ್ತೆ ಮಾರಿ ಇನ್ನೊಂದನ್ನು ಕೊಳ್ಳುವ ಈ ಹವ್ಯಾಸ ನಮ್ಮ ಧರ್ಮಕೇಂದ್ರಗಳ ಯುವಕರಲ್ಲಿಯೂ ಬೆಳೆಯುತ್ತಿದೆ. ಇದರ ಬಗ್ಗೆ ಮನೆಗಳಲ್ಲಿ ಜಗಳವಾಗುತ್ತಿದೆಯೇ ಹೊರತು ವಿಚಾರವಾಗುತ್ತಿಲ್ಲ. ಆದ್ದರಿಂದ ಈ ವಾರ ಈ ವಿಷಯವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಮೊದಲಿಗೆ ಒಂದು ಮಾತು. ಮೋಟಾರ್ ಸೈಕಲ್ಲೆಂದರೆ ಮೈಸೂರಿನ ಮಟ್ಟಿಗೆ ಹೊರಗಿನಿಂದ ಬಂದ ಶೋಕಿಯಲ್ಲ. ಮುಂಬಯಿಯ ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಹಾಗೂ ಫಾರೂಕ್ ಇರಾನಿಯವರು ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹದೊಡನೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಆರಂಭಿಸಿದ್ದು 1960ರ ದಶಕದ ಮೊದಲಿಗೆ. ಚೆಕೊಸ್ಲೊವಾಕಿಯಾ ದೇಶದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿ.ಸಿ. ವಾಹನಗಳು ಇಲ್ಲಿ ತಯಾರಾದವು. 1973ರ ಸುಮಾರಿಗೆ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. ಇರಾನಿನ ಯಜ್ದ್ ನಗರದಿಂದ ಈ ಹೆಸರು ಬಂದದ್ದೆಂದು ಹೇಳುತ್ತಾರೆ. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯನ್ನು ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. 1996ರಲ್ಲಿ ಉತ್ಪಾದನೆ ನಿಂತಿತು. ಹೊಗೆಯ ಕುರಿತ ನಿಯಮಗಳು ಬಿಗಿಯಾಗುತ್ತಿದ್ದವು, ಕಡಿಮೆ ಪೆಟ್ರೋಲಿನಲ್ಲಿ ಓಡುವ ಜಪಾನೀ ತಂತ್ರಜ್ಞಾನದ ಬೈಕುಗಳು ಪೇಟೆಯನ್ನು ಹಿಡಿದಿದ್ದವು, ಕಂಪನಿ ನಷ್ಟದಲ್ಲಿತ್ತು.

ಆ ಕಾರ್ಖಾನೆಯ ಸೈರನ್ನಿಗೆ ಎದ್ದು, ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ ಎಲ್ಲ ಜಾತಿ ಮತಗಳ ಕಾರ್ಮಿಕರಿಗೆ ಅದು ಅನ್ನ ಕೊಟ್ಟ ಸ್ಥಳ. ಬಾಗಿಲು ಮುಚ್ಚಿದಾಗ ಎಷ್ಟೋ ಮನೆಗಳ ಒಲೆ ತಣ್ಣಗಾಯಿತು. ನಡುವಯಸ್ಸಿನಲ್ಲಿ ಬೇರೆ ಕೆಲಸ ಹುಡುಕಬೇಕಾದವರ ಪಾಡನ್ನು ಕಂಡವರು ಮರೆಯಲಾರರು. ಕೆಲವರು ತಮ್ಮ ಕೈಯಲ್ಲಿದ್ದ ವಿದ್ಯೆಯನ್ನೇ ನಂಬಿ ಸಣ್ಣ ಗ್ಯಾರೇಜು ತೆರೆದರು. ಇಂದು ಹಳೆಯ ಜಾವಾ, ಯೆಜ್ಡಿಗಳು ಮೈಸೂರಿನ ಬೀದಿಗಳಲ್ಲಿ ಓಡುತ್ತಿದ್ದರೆ ಅದಕ್ಕೆ ಕಾರಣ ಇಂತಹ ಕೈಗಳು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ–ಯೆಜ್ಡಿ ದಿನವೆಂದು ಹವ್ಯಾಸಿಗಳು ತಮ್ಮ ವಾಹನಗಳನ್ನು ತೊಳೆದು ಹೊಳೆಯಿಸಿ ಸಾಲಾಗಿ ಹೊರಡಿಸುವಾಗ, ಆ ಸಾಲಿನಲ್ಲಿ ಹೋಗುತ್ತಿರುವುದು ಈ ನಗರದ ದುಡಿಮೆಯ ನೆನಪೂ ಹೌದು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಪೇಟೆಗೆ ಮರಳಿ ಬಂದಿವೆ. ಆದರೆ ಯಾದವಗಿರಿಯ ಆ ದುಡಿಮೆಯ ದಿನಗಳು ಮರಳಿ ಬರಲಿಲ್ಲ.

ಹೀಗಿರುವಾಗ ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಗಾಡಿಯೊಂದನ್ನು ಮನೆಗೆ ತಂದು, ಎರಡು ವರ್ಷ ಬಿಡುವಿನ ವೇಳೆಯನ್ನೆಲ್ಲ ಸುರಿದು, ಪಿಸ್ಟನ್ ಬದಲಾಯಿಸಿ, ಸಿಲಿಂಡರ್ ಬೋರ್ ಮಾಡಿಸಿ, ಕಾರ್ಬುರೇಟರ್ ತೊಳೆದು, ಟ್ಯಾಂಕಿಗೆ ಮೊದಲಿನ ಬಣ್ಣವನ್ನೇ ಕೊಡಿಸಿ ಮತ್ತೆ ರಸ್ತೆಗಿಳಿಸುವ ಯುವಕನನ್ನು ನಾವು ಸೋಮಾರಿಯೆಂದು ಕರೆಯಲಾರೆವು. ಅವನು ತಾಳ್ಮೆ ಕಲಿತಿದ್ದಾನೆ. ತನಗಿಂತ ಹಿರಿಯ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಕುಳಿತು ವಿನಯ ಕಲಿತಿದ್ದಾನೆ. ಜಗದ್ಗುರು ದ್ವಿತೀಯ ಜಾನ್ ಪಾಲ್ ಅವರು ಮಾನವನ ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದಲ್ಲಿ, ದುಡಿಮೆಯ ಮೂಲಕ ಮಾನವನು ಸೃಷ್ಟಿಕರ್ತನ ಕಾರ್ಯದಲ್ಲಿ ಪಾಲುಗೊಳ್ಳುತ್ತಾನೆಂದು ಬೋಧಿಸಿದರು. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಾವು ಕೈಗೆ ಎಣ್ಣೆ ಮೆತ್ತಿಕೊಂಡವರನ್ನು ಕೀಳಾಗಿ ಕಾಣುವುದು ತರವಲ್ಲ. ಹತ್ತೊಂಬತ್ತನೆಯ ಶತಮಾನದ ತೂರಿನ್ ನಗರದಲ್ಲಿ ಸಂತ ಜಾನ್ ಬೋಸ್ಕೋ ಅವರು ಬೀದಿಪಾಲಾಗಿದ್ದ ಹುಡುಗರನ್ನು ಕರೆದು ಕೂರಿಸಿದ್ದು ಪ್ರಾರ್ಥನಾ ಮಂದಿರದಲ್ಲಿ ಮಾತ್ರವಲ್ಲ, ಕಾರ್ಯಾಗಾರದಲ್ಲಿಯೂ ಹೌದು.

ಆದರೆ ತಿದ್ದುವುದರಲ್ಲಿ ಎರಡು ಬಗೆಗಳಿವೆ. ಒಂದು, ಕೆಟ್ಟದ್ದನ್ನು ಸರಿಪಡಿಸುವುದು. ಇನ್ನೊಂದು, ಸರಿಯಿರುವುದನ್ನು ಮೆರೆಯುವುದಕ್ಕಾಗಿ ಕೆಡಿಸುವುದು. ಹಳೆಯ ಗಾಡಿಯ ಆರು ವೋಲ್ಟಿನ ಮಂಕು ದೀಪವನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಿಕೊಳ್ಳುವವನು ರಾತ್ರಿಯ ದಾರಿಯನ್ನು ಕಾಣಬಯಸುತ್ತಾನೆ. ಸವೆದ ಬ್ರೇಕನ್ನು ಬದಲಾಯಿಸುವವನು ಎದುರಿನವರ ಜೀವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಸೈಲೆನ್ಸರಿನ ಒಳಗಣ ತಡೆಯನ್ನು ಕಿತ್ತೆಸೆಯುವವನು ಬಯಸುವುದು ಏನನ್ನು? ‘ಪವರ್ ಹೆಚ್ಚುತ್ತದೆ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಹಳೆಯ ಜಾವಾದಂತಹ ಎರಡು ಸ್ಟ್ರೋಕಿನ ಎಂಜಿನ್ನಿನ ಮಟ್ಟಿಗಂತೂ ಇದು ಸುಳ್ಳು. ಆ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ದಾರಿಗೆ ಮುಚ್ಚುವ ಕವಾಟವಿಲ್ಲ. ಕೊಳವೆಯೊಳಗಿಂದ ಹಿಂದಿರುಗುವ ಒತ್ತಡದ ಅಲೆಯೇ ಹೊರಗೆ ಜಾರಲಿರುವ ಹೊಸ ಇಂಧನವನ್ನು ತಡೆದು ಸಿಲಿಂಡರಿಗೆ ಮರಳಿ ನೂಕುತ್ತದೆ. ಕೊಳವೆಯನ್ನು ಮನಬಂದಂತೆ ಕತ್ತರಿಸಿದರೆ ಪೆಟ್ರೋಲು ಸುಡದೆ ಹೊರಗೆ ಹೋಗುತ್ತದೆ, ನಿಧಾನದ ಓಟದಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ. ಉಳಿಯುವುದು ಗದ್ದಲ ಮಾತ್ರ. ನುರಿತ ಮೆಕ್ಯಾನಿಕ್ಕರು ಈ ಮಾತನ್ನು ಹೇಳುತ್ತಾರೆ. ಆದರೆ ಹುಡುಗರಿಗೆ ಬೇಕಾಗಿರುವುದು ಶಕ್ತಿಯಲ್ಲ, ಎಲ್ಲರೂ ತಿರುಗಿ ನೋಡಬೇಕೆಂಬುದು.

ತಿರುಗಿ ನೋಡಬೇಕೆಂಬ ಆಸೆ ಎಳೆಯ ವಯಸ್ಸಿಗೆ ಸಹಜ. ಅದರ ಬೆಲೆ ತೆರುವವರು ಯಾರೆಂಬುದನ್ನು ಅವರಿಗೆ ತಿಳಿಸಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮೀರುವಂತಿಲ್ಲ. ಶಸ್ತ್ರಚಿಕಿತ್ಸೆಯಾಗಿ ಮಲಗಿದ ರೋಗಿಗೆ, ಹೆರಿಗೆಯಾದ ತಾಯಿಗೆ, ಎದೆನೋವಿನ ಮುದುಕರಿಗೆ ಆ ಸಿಡಿತ ಏನು ಮಾಡುತ್ತದೆಂದು ಒಮ್ಮೆ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಕಳೆದವರಿಗೆ ಹೇಳಬೇಕಾಗಿಲ್ಲ.

ಕಾನೂನೂ ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿ ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಾಗೆಂದು ಕಾನೂನು ಹಳೆಯ ವಾಹನದ ಪ್ರೇಮಿಗಳಿಗೆ ವಿರೋಧಿಯಲ್ಲ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿಯೇ ಕಾಪಾಡಿಕೊಂಡು ಬಂದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು 2021ರ ನಿಯಮಗಳು ಅವಕಾಶ ಕೊಟ್ಟಿವೆ. ಮೂಲ ರೂಪವನ್ನು ಉಳಿಸಿದವನಿಗೆ ಗೌರವ, ಕೆಡಿಸಿದವನಿಗೆ ದಂಡ ಎಂಬುದು ನಮಗೆ ನ್ಯಾಯವಾಗಿಯೇ ಕಾಣುತ್ತದೆ. ನಮ್ಮ ಸಂತ ಫಿಲೋಮಿನಾ ದೇವಾಲಯದ ಗೋಪುರದಲ್ಲಿ ಬಿರುಕು ಕಂಡರೆ ಅದನ್ನು ಮುಚ್ಚಿ ಮೊದಲಿನಂತೆ ಮಾಡಬೇಕೆನ್ನುತ್ತೇವೆಯೇ ಹೊರತು ಗೋಪುರಕ್ಕೆ ಬೇರೆ ಆಕಾರ ಕೊಡೋಣವೆಂದು ಯಾರೂ ಹೇಳುವುದಿಲ್ಲವಷ್ಟೆ.

ಇನ್ನು ವೇಗದ ಮಾತು. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44.5ರಷ್ಟು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ನಿಷೇಧಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಅಂಕಿಗಳನ್ನು ಓದಿ ಮುಂದೆ ಸಾಗುವುದು ಸುಲಭ. ಆದರೆ ಯೌವನದಲ್ಲಿಯೇ ಮಡಿದವನ ಶವಪೆಟ್ಟಿಗೆ ಪೀಠದ ಮುಂದೆ ಇರುವಾಗ, ಮೊದಲ ಸಾಲಿನಲ್ಲಿ ಕುಳಿತ ತಾಯಿಯ ಕಡೆ ನೋಡಲಾರದೆ ತಲೆ ತಗ್ಗಿಸಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ?

ಕುಡಿತದಿಂದಾಗಲಿ ವೇಗದ ಮೋಹದಿಂದಾಗಲಿ ತನ್ನ ಮತ್ತು ಇತರರ ಪ್ರಾಣಕ್ಕೆ ಅಪಾಯ ತರುವವರು ಗಂಭೀರ ಅಪರಾಧಕ್ಕೆ ಗುರಿಯಾಗುತ್ತಾರೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ತಿಳಿಸುತ್ತದೆ. ಅಂದರೆ ಇದು ಪೊಲೀಸರ ಚೀಟಿಯ ವಿಷಯ ಮಾತ್ರವಲ್ಲ, ಪಾಪನಿವೇದನೆಯ ವಿಷಯವೂ ಹೌದು. ಹುಡುಗರು ಹೋಗಲಿ, ದೊಡ್ಡವರಾದ ನಮ್ಮಲ್ಲಿ ಎಷ್ಟು ಮಂದಿ ಅತಿವೇಗವನ್ನು ಪಾಪವೆಂದು ಎಣಿಸಿ ಗುರುಗಳ ಮುಂದೆ ಮೊಣಕಾಲೂರಿದ್ದೇವೆ? 2007ರ ಜೂನ್ ತಿಂಗಳಿನಲ್ಲಿ ವ್ಯಾಟಿಕನ್ ರಸ್ತೆ ಸಂಚಾರಿಗಳ ಪಾಲನೆಯ ಬಗ್ಗೆ ಒಂದು ಮಾರ್ಗದರ್ಶಿಯನ್ನೇ ಹೊರಡಿಸಿತು. ಚಾಲಕರಿಗೆಂದು ಅದರಲ್ಲಿ ಹತ್ತು ಕಟ್ಟಳೆಗಳಿವೆ. ಕೊಲ್ಲಬಾರದೆಂಬುದು ಮೊದಲನೆಯದು. ವಾಹನವು ಅಧಿಕಾರವನ್ನೂ ದರ್ಪವನ್ನೂ ತೋರಿಸುವ ಸಾಧನವಾಗಬಾರದು, ರಸ್ತೆಯಲ್ಲಿ ಹೆಚ್ಚು ದುರ್ಬಲರನ್ನು ಕಾಪಾಡಬೇಕು, ಅಪಘಾತಕ್ಕೀಡಾದವರ ಕುಟುಂಬಗಳಿಗೆ ಆಸರೆಯಾಗಬೇಕು ಎಂಬ ಉಪದೇಶಗಳೂ ಅಲ್ಲಿವೆ.

ಕೊಂಡು ಮಾರುವ ವ್ಯವಹಾರದಲ್ಲಿಯೂ ನಮ್ಮ ಧರ್ಮವಿದೆ. ಅಪಘಾತದಲ್ಲಿ ಬಾಗಿದ ಚೌಕಟ್ಟಿಗೆ ಬಣ್ಣ ಬಳಿದು ‘ಒಬ್ಬರೇ ಓಡಿಸಿದ ಗಾಡಿ’ ಎಂದು ಮಾರುವುದು, ಓಡಿದ ಕಿಲೋಮೀಟರುಗಳ ಲೆಕ್ಕವನ್ನು ಹಿಂದಕ್ಕೆ ತಿರುಗಿಸುವುದು, ಎಲ್ಲಿಂದ ಬಂತೆಂದು ಕೇಳದೆ ಅಗ್ಗದ ಬಿಡಿಭಾಗ ಕೊಳ್ಳುವುದು ಇವೆಲ್ಲ ಜಾಣತನವೆಂದು ಕರೆಸಿಕೊಳ್ಳುತ್ತಿವೆ. ಕದಿಯಬಾರದು, ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗಳಿಗೆ ಗ್ಯಾರೇಜಿನ ಬಾಗಿಲಲ್ಲಿ ರಿಯಾಯಿತಿ ಇಲ್ಲ. ಇನ್ನೊಂದು ತಪ್ಪು ಅಸಡ್ಡೆಯಿಂದ ಆಗುವಂಥದ್ದು. ಹಣ ಎಣಿಸಿಕೊಂಡು ಕೀಲಿ ಕೊಟ್ಟ ಮೇಲೆ ಗಾಡಿ ತಮ್ಮದಲ್ಲವೆಂದು ಹಲವರು ತಿಳಿದಿದ್ದಾರೆ. ಮಾರಿದವರು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ನಾಲ್ಕು ಕೈ ದಾಟಿದ ಗಾಡಿ ಎಲ್ಲೋ ಯಾರಿಗೋ ಬಡಿದರೆ ನೋಟೀಸು ಬರುವುದು ಮೊದಲ ಮಾಲೀಕನ, ಹಲವು ವೇಳೆ ನಿವೃತ್ತ ತಂದೆಯ, ಮನೆಯ ಬಾಗಿಲಿಗೆ.

ತಂದೆಯರ ಮಾತು ಬಂದದ್ದರಿಂದ ತಂದೆತಾಯಿಗಳಿಗೂ ಎರಡು ಮಾತು ಹೇಳಬೇಕಾಗಿದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿತೆಂದು ಹದಿನಾರರ ಹುಡುಗನಿಗೆ ಬೈಕು ಕೊಡಿಸುವವರು ನಾವೇ. ‘ಏನೋ ಆಸೆಪಡ್ತಾನೆ, ಬಿಡಿ’ ಎನ್ನುವ ತಾಯಿ, ‘ಓಣಿಯೊಳಗೆ ತಾನೇ’ ಎನ್ನುವ ತಂದೆ ಇಬ್ಬರೂ ತಿಳಿದಿರಬೇಕು: ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಲು 2019ರ ತಿದ್ದುಪಡಿ ಅವಕಾಶ ನೀಡಿದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇನ್ನು ಹಣದ ಮಾತು. ಕಂತಿನ ಮೇಲೆ ದುಬಾರಿ ಬೈಕು, ಅದರ ಮೇಲೆ ಸಾಲ ಮಾಡಿ ಹೊಸ ಚಕ್ರ, ಹೊಸ ಕೊಳವೆ. ಕಾರಾದರೆ ಎಂಜಿನ್ನಿನ ಗಣಕವನ್ನೇ ತಿದ್ದಿಸಿ ಓಟ ಹೆಚ್ಚಿಸುವ ಖರ್ಚು. ತಂಗಿಯ ಕಾಲೇಜು ಶುಲ್ಕಕ್ಕೆ ಹಣವಿಲ್ಲದ ಮನೆಯ ಮುಂದೆ ಇಂತಹ ವಾಹನ ನಿಂತಿದ್ದರೆ ಅದು ಹವ್ಯಾಸವಲ್ಲ, ಮನೆಯವರಿಗೆ ಮಾಡುವ ಅನ್ಯಾಯ.

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರ ನಡೆ ಇಲ್ಲಿ ನೆನಪಾಗುತ್ತದೆ. 2013ರಲ್ಲಿ ಹಾರ್ಲೆ ಡೇವಿಡ್‌ಸನ್ ಕಂಪನಿ ಕಾಣಿಕೆಯಾಗಿತ್ತ ಬೈಕನ್ನು ಅವರು ಹರಾಜಿಗೆ ಕೊಟ್ಟರು. ಮರುವರ್ಷ ಪ್ಯಾರಿಸ್ಸಿನಲ್ಲಿ ಬಂದ ಹಣ ರೋಮಿನ ನಿರ್ಗತಿಕರ ಆಶ್ರಯಕ್ಕೆ ಸಂದಿತು. 2017ರಲ್ಲಿ ಬಂದ ಲ್ಯಾಂಬೊರ್ಗಿನಿ ಕಾರು ಕೂಡ ಹರಾಜಾಯಿತು. ಇರಾಕಿನಲ್ಲಿ ಮನೆ ಕಳೆದುಕೊಂಡ ಕ್ರೈಸ್ತರ ನೆರವೂ ಸೇರಿದಂತೆ ಸೇವಾಕಾರ್ಯಗಳಿಗೆ ಆ ಹಣ ಹೋಯಿತು. ಅವರು ಆ ವಾಹನಗಳನ್ನು ನಿಂದಿಸಲಿಲ್ಲ. ಕಾರಿಗೆ ಆಶೀರ್ವಾದ ಮಾಡಿ ಸಹಿಯನ್ನೂ ಹಾಕಿದರು. ಆದರೆ ಅದು ತಮ್ಮ ಬಳಿ ನಿಲ್ಲಲು ಬಿಡಲಿಲ್ಲ.

ನಮ್ಮ ಯುವಕರು ಒಂದು ಪ್ರಶ್ನೆ ಕೇಳಬಹುದು. ‘ಎಲ್ಲದಕ್ಕೂ ಬೇಡವೆನ್ನುತ್ತೀರಿ, ನಮಗೆ ಕೊಟ್ಟಿರುವುದೇನು? ಭಾನುವಾರ ಬೆಳಗ್ಗೆ ಗೆಳೆಯರೊಡನೆ ಸವಾರಿ ಹೋದರೆ ಪೂಜೆ ತಪ್ಪಿಸಿದನೆನ್ನುತ್ತೀರಿ. ಪೂಜೆಗೆ ಬಂದರೆ ನಮ್ಮೊಡನೆ ಮಾತನಾಡುವವರಾರು?’ ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ಸಂಡೇ ಸವಾರಿಯ ಗುಂಪಿನಲ್ಲಿ ಅವನಿಗೆ ಸಿಗುವುದು ಗಾಡಿಯ ಸುಖ ಮಾತ್ರವಲ್ಲ; ದಾರಿಯಲ್ಲಿ ಗಾಡಿ ಕೆಟ್ಟರೆ ಹತ್ತು ಮಂದಿ ನಿಂತು ಸರಿಪಡಿಸುವ ಸ್ನೇಹ. ಆ ಸ್ನೇಹ ನಮ್ಮ ಧರ್ಮಕೇಂದ್ರಗಳಲ್ಲಿ ಸಿಗುವಂತಾದರೆ ಅವನು ಶನಿವಾರ ಸಂಜೆಯ ಪೂಜೆಗಾದರೂ ಬಂದು ಭಾನುವಾರ ಸವಾರಿ ಹೊರಟಾನು.

ಆದುದರಿಂದ ನಾವು ಒಂದು ಸಲಹೆಯನ್ನು ಮುಂದಿಡುತ್ತೇವೆ. ಪ್ರಯಾಣಿಕರ ಪಾಲಕ ಸಂತ ಕ್ರಿಸ್ಟೋಫರ್ ಅವರ ಸ್ಮರಣೆ ಜುಲೈ 25ರಂದು. ಜಾವಾ ದಿನ ಕಳೆದು ಸುಮಾರು ಎರಡು ವಾರಗಳಿಗೆ ಬರುವ ಆ ದಿನದ ಆಸುಪಾಸಿನ ಭಾನುವಾರ ವಾಹನಗಳ ಆಶೀರ್ವಾದವನ್ನು ಏರ್ಪಡಿಸಬಹುದು. ಅಂದು ತೀರ್ಥ ಪ್ರೋಕ್ಷಣೆಗೆ ಮುನ್ನ ನಮ್ಮಲ್ಲಿರುವ ನುರಿತ ಮೆಕ್ಯಾನಿಕ್ಕರು ಸಾಲಿನಲ್ಲಿ ನಿಂತ ಪ್ರತಿ ವಾಹನದ ಬ್ರೇಕು, ದೀಪ, ಟೈರು, ಸೈಲೆನ್ಸರ್ ನೋಡಲಿ, ಕೆಟ್ಟದ್ದನ್ನು ತಿಳಿಹೇಳಲಿ. ಜಾವಾ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಧರ್ಮಕೇಂದ್ರದಲ್ಲಿದ್ದರೆ ಅವರನ್ನು ಕರೆದು ಗೌರವಿಸಿ, ಯುವಕರಿಗೆ ನಾಲ್ಕು ಮಾತು ಹೇಳಿಸಲಿ. ರಸ್ತೆ ಅಪಘಾತದಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳಿಗಾಗಿ ಅಂದಿನ ಪೂಜೆಯಲ್ಲಿ ಪ್ರಾರ್ಥನೆಯಾಗಲಿ. ಖರ್ಚಿಲ್ಲದ ಕೆಲಸವಿದು, ಮನಸ್ಸಿದ್ದರೆ ಸಾಕು.

ಹೊಸ ಗಾಡಿ ತಂದವರು ದೇವಾಲಯದ ಅಂಗಳದಲ್ಲಿ ಅದನ್ನು ನಿಲ್ಲಿಸಿ ಗುರುಗಳಿಗಾಗಿ ಕಾಯುವುದು, ಹ್ಯಾಂಡಲಿಗೆ ಜಪಸರ ತೂಗಿಬಿಡುವುದು, ದೋರನಹಳ್ಳಿಯ ಸಂತ ಅಂತೋನಿಯವರ ಸನ್ನಿಧಿಗೆ ಮೊದಲ ಪ್ರಯಾಣ ಮಾಡುವುದು ನಮ್ಮಲ್ಲಿ ರೂಢಿಯಲ್ಲಿದೆ. ಅದು ಒಳ್ಳೆಯ ರೂಢಿ. ಆದರೆ ಆಶೀರ್ವಾದ ಪಡೆದ ವಾಹನ ಮರುದಿನ ಬೀದಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೆರೆಹೊರೆಯವರು ನೋಡುತ್ತಿರುತ್ತಾರೆ. ಜಪಸರ ತೂಗುವ ಬೈಕು ಮುದುಕಿಯೊಬ್ಬಳು ರಸ್ತೆ ದಾಟುವವರೆಗೆ ನಿಂತಿತೋ, ಅವಳನ್ನು ಬೆದರಿಸಿ ಹಾದುಹೋಯಿತೋ ಎಂಬುದರಿಂದಲೇ ಅವರು ನಮ್ಮ ವಿಶ್ವಾಸವನ್ನು ಅಳೆಯುತ್ತಾರೆ. ಯಾದವಗಿರಿಯ ಕಾರ್ಮಿಕರು ಕೈಯಾರೆ ಜೋಡಿಸಿ ಕಳಿಸಿದ ಗಾಡಿಗಳು ಮೂವತ್ತು, ನಲವತ್ತು ವರ್ಷಗಳ ತರುವಾಯವೂ ಓಡುತ್ತಿವೆ. ಅವುಗಳನ್ನು ಓಡಿಸುವ ನಮ್ಮ ಮಕ್ಕಳೂ ಅಷ್ಟೇ ಕಾಲ ಬಾಳಲಿ, ಪ್ರತಿ ಸಂಜೆ ಮನೆಗೆ ಮರಳಲಿ ಎಂದು ಪ್ರಾರ್ಥಿಸೋಣ. ಅದಕ್ಕೆ ಬೇಕಾದುದನ್ನು ಇಂದೇ ಮನೆಯಲ್ಲಿ ಕುಳಿತು ಮಾತನಾಡೋಣ.